ಹಳೆ ಪಿಸ್ಟನ್ ಎಸೆಯುವ ಮುಂಚೆ: ಟ್ರ್ಯಾಕ್ಟರ್ ಇಂಜಿನ್ ಕೆಲಸದ ಒಳಗುಟ್ಟು

ಕಲಬುರಗಿ ಕಡೆ ತೊಗರಿ ರಾಶಿ ಡಿಸೆಂಬರ್, ಜನವರಿಯಲ್ಲಿ ಜೋರು. ಟ್ರ್ಯಾಕ್ಟರ್ ಹೊಲದಲ್ಲಿ ನಿಂತಲ್ಲೇ ನಿಂತು ಗಂಟೆಗಟ್ಟಲೆ ರಾಶಿ ಮಷಿನ್ ತಿರುಗಿಸುತ್ತದೆ. ಸುತ್ತಲೂ ಹೊಟ್ಟು, ಧೂಳು. ಇಂಜಿನ್ ಒಳಗೆಳೆದುಕೊಳ್ಳುವ ಗಾಳಿಯೂ ಅದೇ. ರಾಶಿ ಮುಗಿದ ಮೇಲೆ, ಬೇಸಿಗೆ ಉಳುಮೆಗೆ ಇಳಿಯುವ ಮುಂಚೆ ಸಿಗುವ ಬಿಡುವಿನಲ್ಲಿ ರೈತರು ಗಾಡಿಯನ್ನು ಗ್ಯಾರೇಜಿಗೆ ತರುತ್ತಾರೆ. ದೂರು ಹೆಚ್ಚಾಗಿ ಒಂದೇ ಥರ. ಮೊದಲಿನ ಹಾಗೆ ಎಳೆಯುತ್ತಿಲ್ಲ, ಆಯಿಲ್ ಜಾಸ್ತಿ ಕುಡಿಯುತ್ತಿದೆ, ನೀಲಿ ಹೊಗೆ ಬಿಡುತ್ತಿದೆ. ಮಿಸ್ತ್ರಿ ಆಯಿಲ್ ಮುಚ್ಚಳ ತೆಗೆದು ನೋಡಿ, "ಇಂಜಿನ್ ಬೋರಿಗಿ ಬಂದದ್ರೀ" ಅನ್ನುತ್ತಾರೆ. ಅಂದರೆ ಪಿಸ್ಟನ್ ಓಡುವ ಜಾಗ ಸವೆದಿದೆ, ಇಂಜಿನ್ ಬಿಚ್ಚಬೇಕು.

ಅಲ್ಲಿಂದ ಮುಂದೆ ದೊಡ್ಡ ಖರ್ಚು. ಪಿಸ್ಟನ್, ರಿಂಗು, ಲೈನರ್ (ಪಿಸ್ಟನ್ ಮೇಲೆ ಕೆಳಗೆ ಓಡುವ ಕಬ್ಬಿಣದ ಕೊಳವೆ), ಬೇರಿಂಗ್, ಗ್ಯಾಸ್ಕೆಟ್, ಲೇತ್ ಕೆಲಸ, ಕೂಲಿ. ಇಷ್ಟೆಲ್ಲ ಸುರಿದ ಮೇಲೂ ಕೆಲವು ಇಂಜಿನ್‌ಗಳು ಒಂದೆರಡು ಹಂಗಾಮಿನಲ್ಲೇ ಮತ್ತೆ ನೀಲಿ ಹೊಗೆ ಬಿಡುತ್ತವೆ. ಸಾಮಾನು ಡೂಪ್ಲಿಕೇಟ್ ಅಂತ ಬೈಯುತ್ತೇವೆ. ಕೆಲವು ಸಲ ಅದು ನಿಜವೂ ಹೌದು. ಆದರೆ ಬಹಳ ಸಲ ಸವೆದ ಪಿಸ್ಟನ್ ಹೋಗಿರುತ್ತದೆ, ಸವೆಸಿದ ಕಾರಣ ಗಾಡಿಯಲ್ಲೇ ಉಳಿದಿರುತ್ತದೆ. ಆ ಕಾರಣ ಹಳೆ ಪಿಸ್ಟನ್ ಮೇಲೆ, ಹಳೆ ಲೈನರ್ ಮೇಲೆ ಗುರುತು ಬಿಟ್ಟಿರುತ್ತದೆ. ಅದನ್ನು ನೋಡದೆ ಗುಜರಿಗೆ ಹಾಕಿದರೆ ಕೈಯಲ್ಲಿದ್ದ ಸಾಕ್ಷಿಯನ್ನೇ ಕಳೆದುಕೊಂಡ ಹಾಗೆ.

ಒಳಗೆ ನಡೆಯುವುದೇನು

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಮೇಲೆ ಬರುತ್ತಾ ಗಾಳಿಯನ್ನು ಒತ್ತುತ್ತದೆ. ಎಷ್ಟು ಅಂದರೆ, 16ರಿಂದ 18 ಪಾಲು ಜಾಗದಲ್ಲಿದ್ದ ಗಾಳಿ ಒಂದು ಪಾಲಿನೊಳಗೆ ಸೇರಬೇಕು. ಸೈಕಲ್ ಪಂಪು ಹೊಡೆದಾಗ ಅದರ ಬುಡ ಬಿಸಿಯಾಗುತ್ತದಲ್ವಾ? ಇಲ್ಲಿ ಅದೇ ಗಾಳಿ 500 ಡಿಗ್ರಿ ದಾಟುತ್ತದೆ. ಆಗ ನೋಜಲ್ ಡೀಸೆಲ್ಲನ್ನು ಮಂಜಿನಂತೆ ಸಿಂಪಡಿಸುತ್ತದೆ. ಬಿಸಿಗೆ ಅದು ತಾನಾಗಿಯೇ ಹೊತ್ತಿಕೊಂಡು ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ. ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 100 ಮಿಲಿಮೀಟರ್ ಇರುವ ಇಂಜಿನ್ನಿನಲ್ಲಿ, ಪೂರ್ತಿ ಲೋಡ್ ಇದ್ದಾಗ, ಒಂದೊಂದು ಪಿಸ್ಟನ್ ತಲೆಯ ಮೇಲೆ ಆ ಕ್ಷಣಕ್ಕೆ ಬೀಳುವ ಭಾರ ಸುಮಾರು 6 ಟನ್.

ಈ ಒತ್ತಡವನ್ನು ಹಿಡಿದಿಡುವುದು ರಿಂಗುಗಳು. ಸಾಮಾನ್ಯವಾಗಿ ಒಂದು ಪಿಸ್ಟನ್‌ಗೆ ಮೂರು ಇರುತ್ತವೆ. ಮೇಲಿನ ಎರಡು ಬಿಸಿ ಗ್ಯಾಸ್ ಕೆಳಗೆ ಇಳಿಯದಂತೆ ತಡೆಯುತ್ತವೆ. ಮೂರನೆಯದು ಆಯಿಲ್ ರಿಂಗ್. ಲೈನರ್ ಗೋಡೆಗೆ ಹತ್ತಿದ ಹೆಚ್ಚಿನ ಆಯಿಲ್ಲನ್ನು ಅದು ಕೆರೆದು ಕೆಳಗೆ ಕಳಿಸುತ್ತದೆ. ರಿಂಗು, ಲೈನರ್ ಸವೆದರೆ ಎರಡೂ ಕಡೆ ಸೋರಿಕೆ. ಗ್ಯಾಸ್ ಕೆಳಗೆ ಇಳಿಯುತ್ತದೆ, ಆಯಿಲ್ ಮೇಲೆ ಏರುತ್ತದೆ. ಒತ್ತಡ ಕಡಿಮೆಯಾದರೆ ಗಾಳಿ ಸಾಕಷ್ಟು ಕಾಯುವುದಿಲ್ಲ. ಚಳಿಗಾಲದ ಬೆಳಿಗ್ಗೆ ಇಂಜಿನ್ ಹತ್ತುವುದಿಲ್ಲ. ಮೇಲೆ ಏರಿದ ಆಯಿಲ್ ಉರಿದು ನೀಲಿ ಹೊಗೆಯಾಗುತ್ತದೆ.

ಇಂಜಿನ್ ಚೆನ್ನಾಗಿದ್ದಾಗ ರಿಂಗ್ ಮತ್ತು ಲೈನರ್ ನಡುವೆ ಆಯಿಲ್ಲಿನ ತೆಳು ಪದರ ಇರುತ್ತದೆ. ಧೂಳಿನೊಳಗಿನ ಮರಳಿನ ಕಣ ಆ ಪದರಕ್ಕೆ ಸೇರಿದರೆ ಕೆಲಸ ಕೆಟ್ಟಿತು. ಮರಳು ಲೈನರಿನ ಕಬ್ಬಿಣಕ್ಕಿಂತ ಗಟ್ಟಿ. ಕಣ್ಣಿಗೆ ಕಾಣದಷ್ಟು ಸಣ್ಣ ಕಣವೂ ಪ್ರತಿ ಸುತ್ತಿಗೂ ಗೀರುತ್ತಲೇ ಹೋಗುತ್ತದೆ. ಇಂಜಿನ್ 2000 ಆರ್‌ಪಿಎಂನಲ್ಲಿ ಓಡುವಾಗ ಪಿಸ್ಟನ್ ನಿಮಿಷಕ್ಕೆ 2000 ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ ಅನ್ನುವುದನ್ನು ನೆನಪಿಡಿ.

ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಇಂಜಿನ್ನಿಗೆ ಬಿಡುವಿಲ್ಲ. ಜೇವರ್ಗಿ, ಚಿತ್ತಾಪುರದ ಎರೆ ಹೊಲ ಬೇಸಿಗೆಯಲ್ಲಿ ಪುಡಿಪುಡಿ ಧೂಳು. ಬೀದರಿನಲ್ಲಿ ಕೆಂಪು ಮಣ್ಣು. ನಾರಾಯಣಪುರ ಕಾಲುವೆ ನೀರು ಹರಿಯುವ ಶಹಾಪುರ, ಸುರಪುರದಲ್ಲಿ ಕೇಜ್ ವೀಲ್ (ಕಬ್ಬಿಣದ ಪಂಜರದಂಥ ಚಕ್ರ) ಹಾಕಿ ಕೆಸರು ಗದ್ದೆ ತುಳಿಸುವ ಭಾರದ ಕೆಲಸ. ಅಫಜಲಪುರ, ಭಾಲ್ಕಿ ಕಡೆ ಕಬ್ಬಿನ ಟ್ರೇಲರ್. ಶಹಾಬಾದ್ ಕಲ್ಲು ಹೇರುವ ಗಾಡಿಗಳದ್ದಂತೂ ಹೇಳುವುದೇ ಬೇಡ. ಇದೆಲ್ಲದರ ಮೇಲೆ ಏಪ್ರಿಲ್, ಮೇ ತಿಂಗಳ 40 ಡಿಗ್ರಿ ದಾಟುವ ಬಿಸಿಲು.

ಬಿಚ್ಚುವ ಮುಂಚೆ ನೋಡಬೇಕಾದದ್ದು

ಹೊಗೆ ಕಂಡ ಕೂಡಲೇ ಇಂಜಿನ್ ಬಿಚ್ಚಿಸಬೇಡಿ. ಹೊಗೆಯ ಬಣ್ಣ ನೋಡಿ. ಕಪ್ಪು ಹೊಗೆ ಅಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಏರ್ ಕ್ಲೀನರ್ ಕಟ್ಟಿರಬಹುದು, ನೋಜಲ್ ಕೆಟ್ಟಿರಬಹುದು, ಲೋಡ್ ಮೀರಿರಬಹುದು. ಬಿಳಿ ಹೊಗೆ ತಣ್ಣಗಿರುವಾಗ ಸ್ವಲ್ಪ ಹೊತ್ತು ಬಂದರೆ ಚಿಂತೆ ಬೇಡ. ಇಂಜಿನ್ ಕಾದ ಮೇಲೂ ಬರುತ್ತಿದ್ದು, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ನೀರು ಒಳಗೆ ಸೋರುತ್ತಿದೆ ಅಂತ ಅನುಮಾನಿಸಿ. ನೀಲಿ ಮಾತ್ರ ಆಯಿಲ್ ಉರಿಯುವ ಗುರುತು. ಅದಕ್ಕೂ ಪಿಸ್ಟನ್ನೇ ಕಾರಣ ಅಂತ ಹೇಳಲಾಗದು. ವಾಲ್ವ್ ಓಡಾಡುವ ಕೊಳವೆ, ಅಂದರೆ ವಾಲ್ವ್ ಗೈಡ್ ಸವೆದಿದ್ದರೂ, ಟರ್ಬೊ ಇರುವ ಇಂಜಿನ್ನಿನಲ್ಲಿ ಅದರ ಸೀಲ್ ಹೋಗಿದ್ದರೂ ಇದೇ ಹೊಗೆ ಬರುತ್ತದೆ.

ಇನ್ನೊಂದು ಗುರುತು ಬ್ರೀದರ್ ಪೈಪಿನಿಂದ ಭುಸುಭುಸು ಬರುವ ಹೊಗೆ. ರಿಂಗುಗಳನ್ನು ದಾಟಿ ಇಳಿದ ಗ್ಯಾಸ್ ಅಲ್ಲಿಂದ ಹೊರಬರುತ್ತದೆ. ಸ್ವಲ್ಪ ಬರುವುದು ಸಹಜ. ಲೋಡ್ ಕೊಟ್ಟಾಗ ಒಂದೇ ಸಮನೆ ಜೋರಾಗಿ ಬಂದರೆ ರಿಂಗು, ಲೈನರ್ ಸವೆದಿವೆ ಅನ್ನಬಹುದು. ಬ್ರೀದರ್ ಕಟ್ಟಿದ್ದರೆ ಒಳಗೆ ಒತ್ತಡ ಏರಿ ಸೀಲುಗಳಿಂದ ಆಯಿಲ್ ಸೋರುತ್ತದೆ. ಅದನ್ನು ತೊಳೆದು ಮತ್ತೆ ನೋಡಿ.

ಗಟ್ಟಿ ಉತ್ತರ ಸಿಗುವುದು ಕಂಪ್ರೆಷನ್ ಗೇಜಿನಿಂದ. ನೋಜಲ್ ತೆಗೆದು, ಆ ಜಾಗದಲ್ಲಿ ಗೇಜ್ ಕೂರಿಸಿ, ಸ್ಟಾರ್ಟರ್ ತಿರುಗಿಸುತ್ತಾರೆ. ಡೀಸೆಲ್ ಇಂಜಿನ್ನಿಗೆ ಅಂತಲೇ ಇರುವ ಗೇಜ್ ಬೇಕು. ಪೆಟ್ರೋಲ್ ಗಾಡಿಯದ್ದು ಈ ಒತ್ತಡ ತಡೆಯದು. ಎಷ್ಟು ಬರಬೇಕು ಅನ್ನುವುದು ಇಂಜಿನ್ನಿಗೆ ತಕ್ಕಂತೆ ಬದಲಾಗುತ್ತದೆ. ಒಂದು ಸಿಲಿಂಡರಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ನೋಡುವುದು ಅಷ್ಟೇ ಮುಖ್ಯ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಏರಿದರೆ ರಿಂಗು, ಲೈನರ್ ಸವೆದಿವೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಗ್ಯಾಸ್ಕೆಟ್ ಮೇಲೆ ಅನುಮಾನ. ಆಯಿಲ್ ಹೆಚ್ಚು ಬಿಡಬೇಡಿ. ಡೀಸೆಲ್ ಇಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಉಳಿಯುವ ಜಾಗ ಬಹಳ ಕಮ್ಮಿ. ಅದು ತುಂಬಿದರೆ ಪಿಸ್ಟನ್ ಮೇಲೆ ಬರಲಾರದೆ ಅದನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡ್ ಬಾಗಬಹುದು.

ಬಿಚ್ಚುವಾಗ

ಕಾರಿಗೂ ಟ್ರ್ಯಾಕ್ಟರಿಗೂ ಇಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಇಂಜಿನ್ನೇ ಗಾಡಿಯ ಬೆನ್ನೆಲುಬು. ಮುಂದಿನ ಆಕ್ಸಲ್ ಅದಕ್ಕೇ ಬೋಲ್ಟ್ ಆಗಿರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಕೆಳಗಿನ ಆಯಿಲ್ ಚೇಂಬರ್ ಕೂಡ ಭಾರ ಹೊರುವ ಎರಕದ ಭಾಗ. ಹಾಗಾಗಿ ಬರೀ ಜಾಕ್ ಮೇಲೆ ನಂಬಿಕೆ ಇಟ್ಟು ಕೆಳಗೆ ನುಗ್ಗಬೇಡಿ. ಗಟ್ಟಿ ಸ್ಟ್ಯಾಂಡ್, ಮರದ ದಿಮ್ಮಿ, ಚಕ್ರಕ್ಕೆ ಅಡ್ಡಗಲ್ಲು ಎಲ್ಲ ಬೇಕು.

ಬಿಚ್ಚುವ ಮುಂಚೆ ಇಡೀ ಇಂಜಿನ್ ತೊಳೆಸಿ. ಇದು ಚಂದಕ್ಕೆ ಮಾಡುವ ಕೆಲಸ ಅಲ್ಲ. ಹೊರಗೆ ಹತ್ತಿದ ಮಣ್ಣು ಹೆಡ್ ತೆಗೆದ ಕೂಡಲೇ ಒಳಗೆ ಬೀಳುತ್ತದೆ. ಬಿಚ್ಚಿದ ಡೀಸೆಲ್ ಪೈಪುಗಳ ಬಾಯಿ ಮುಚ್ಚಿ. ಹೆಡ್ ಬೋಲ್ಟುಗಳನ್ನು ಇಂಜಿನ್ ತಣ್ಣಗಿದ್ದಾಗ, ಹೊರಗಿನಿಂದ ನಡುವಿಗೆ, ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ವಾಲ್ವ್ ಎತ್ತಲು ನೆರವಾಗುವ ಪುಶ್ ರಾಡ್‌ಗಳು ಯಾವ ಜಾಗದ್ದು ಅದೇ ಜಾಗಕ್ಕೆ ಹೋಗಬೇಕು. ಒಂದು ರಟ್ಟಿನಲ್ಲಿ ತೂತು ಮಾಡಿ ನಂಬರ್ ಬರೆದು ಸಿಕ್ಕಿಸಿಡಿ. ಕನೆಕ್ಟಿಂಗ್ ರಾಡ್ ಮತ್ತು ಅದರ ಕ್ಯಾಪ್ ಒಟ್ಟಿಗೇ ಕೊರೆದ ಜೋಡಿ. ಒಂದರ ಕ್ಯಾಪ್ ಇನ್ನೊಂದಕ್ಕೆ ಹಾಕಿದರೆ ಬೇರಿಂಗ್ ಉಳಿಯುವುದಿಲ್ಲ.

ಲೈನರಿನ ಮೇಲ್ತುದಿಯಲ್ಲಿ ಉಗುರಿಗೆ ತಗಲುವ ಒಂದು ಏಣು ಇರುತ್ತದೆ. ರಿಂಗು ಅಲ್ಲಿಯವರೆಗೆ ಹೋಗುವುದಿಲ್ಲವಾದ್ದರಿಂದ ಅಲ್ಲಿ ಸವೆತವೂ ಇಲ್ಲ. ಪಿಸ್ಟನ್ನನ್ನು ಮತ್ತೆ ಬಳಸುವ ಯೋಚನೆ ಇದ್ದರೆ ಆ ಏಣು ಕೆರೆದು ತೆಗೆದೇ ಪಿಸ್ಟನ್ ಮೇಲೆ ತಳ್ಳಬೇಕು. ಇಲ್ಲದಿದ್ದರೆ ಪಿಸ್ಟನ್ನಿನಲ್ಲಿ ರಿಂಗ್ ಕೂರುವ ತೋಡು ಒಡೆಯುತ್ತದೆ.

ಹಳೆ ಪಿಸ್ಟನ್ ಏನು ಹೇಳುತ್ತದೆ

ಈಗ ಮುಖ್ಯ ಕೆಲಸ. ಪಿಸ್ಟನ್‌ಗಳನ್ನು ನಂಬರ್ ಪ್ರಕಾರ ಒಂದು ಬಿಳಿ ಬಟ್ಟೆ ಮೇಲೆ ಸಾಲಾಗಿ ಇಡಿ. ತೊಳೆಯುವ ಮುಂಚೆ ನೋಡಿ, ತೊಳೆದ ಮೇಲೂ ನೋಡಿ. ಗಾಡಿ ಮಾಲೀಕರು ಈ ಹೊತ್ತಿಗೆ ಗ್ಯಾರೇಜಿನಲ್ಲೇ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಪಿಸ್ಟನ್ ಮೈಮೇಲೆ ಮೇಲಿನಿಂದ ಕೆಳಗೆ ನೇರ ಸಣ್ಣ ಗೀರುಗಳು, ಮಂಕಾದ ಬೂದು ಬಣ್ಣ, ತೆಳುವಾದ ರಿಂಗು ಕಂಡರೆ ಅದು ಧೂಳಿನ ಕೆಲಸ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಮೇಲಿನ ರಿಂಗು ಮತ್ತು ಲೈನರಿನ ಮೇಲ್ಭಾಗ ಹೆಚ್ಚು ಸವೆದಿದ್ದರೆ ಧೂಳು ಗಾಳಿಯ ದಾರಿಯಿಂದ ಬಂದಿದೆ. ಕೆಳಗಿನ ಆಯಿಲ್ ರಿಂಗು, ಬೇರಿಂಗುಗಳು ಹೆಚ್ಚು ಸವೆದಿದ್ದರೆ ಕೊಳೆ ಆಯಿಲ್ ಜೊತೆ ತಿರುಗಿದೆ. ಮೊದಲನೆಯದಾದರೆ ಏರ್ ಕ್ಲೀನರಿನಿಂದ ಇಂಜಿನ್ನಿನವರೆಗೆ ಇರುವ ರಬ್ಬರ್ ಪೈಪನ್ನು ಕೈಯಿಂದ ಬಾಗಿಸಿ ನೋಡಿ. ಬಿಸಿಲಿಗೆ ಒಡೆದ ಸಣ್ಣ ಸೀಳು, ಸಡಿಲ ಕ್ಲಾಂಪ್ ಸಾಕು. ಪೈಪ್ ಬಿಚ್ಚಿ ಒಳಗೆ ಬೆರಳಾಡಿಸಿ. ಬೆರಳಿಗೆ ಮಣ್ಣು ಹತ್ತಿದರೆ ಕಳ್ಳ ಸಿಕ್ಕ. ಆ ಪೈಪ್ ಬದಲಿಸಲು ಆಗುವ ಖರ್ಚು, ಪಿಸ್ಟನ್ ಸೆಟ್ಟಿನ ಮುಂದೆ ಲೆಕ್ಕಕ್ಕೇ ಇಲ್ಲ.

ಏರ್ ಕ್ಲೀನರ್ ಆಯಿಲ್ ಬಾತ್, ಅಂದರೆ ಆಯಿಲ್ಲಿನಲ್ಲಿ ಧೂಳು ಹಿಡಿಯುವ ಥರದ್ದು ಆಗಿದ್ದರೆ ಬಟ್ಟಲಿನಲ್ಲಿ ಗೆರೆಯವರೆಗೆ ಆಯಿಲ್ ಇರಬೇಕು. ರಾಶಿ ಹೊತ್ತಿನಲ್ಲಿ ಅದನ್ನು ದಿನಾ ನೋಡಬೇಕು. ಪೇಪರ್ ಫಿಲ್ಟರ್ ಇದ್ದರೆ ಅದನ್ನು ಟೈರಿಗೆ ಬಡಿಯುವ ಚಾಳಿ ಬಿಡಿ. ಬಡಿದರೆ ಅಂಚಿನ ಸೀಲ್ ಡೊಂಕಾಗುತ್ತದೆ, ಪೇಪರ್ ಸೀಳುತ್ತದೆ. ಆಮೇಲೆ ಆ ಫಿಲ್ಟರ್ ಇದ್ದೂ ಇಲ್ಲದ ಹಾಗೆ. ಕಮ್ಮಿ ಒತ್ತಡದ ಗಾಳಿಯಿಂದ, ಒಳಗಿನಿಂದ ಹೊರಕ್ಕೆ ಊದಿ.

ಪಿಸ್ಟನ್ನಿನ ಎರಡೂ ಪಕ್ಕದಲ್ಲಿ ಲೋಹ ಉಜ್ಜಿ, ಹರಿದು, ಲೈನರಿಗೆ ಮೆತ್ತಿಕೊಂಡಂತೆ ಕಂಡರೆ ಅದು ಕಾದ ಇಂಜಿನ್. ಇದರ ಲೆಕ್ಕ ತಿಳಿದುಕೊಂಡರೆ ಒಳ್ಳೆಯದು. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹ. ಲೈನರ್ ಎರಕದ ಕಬ್ಬಿಣ. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 100 ಮಿಲಿಮೀಟರ್ ಪಿಸ್ಟನ್ 200 ಡಿಗ್ರಿ ಬಿಸಿ ಏರಿದರೆ ಹತ್ತಿರ ಹತ್ತಿರ 0.4 ಮಿಲಿಮೀಟರ್ ದಪ್ಪವಾಗುತ್ತದೆ. ಅದಕ್ಕೆಂದೇ ಪಿಸ್ಟನ್ನನ್ನು ಪೂರ್ತಿ ದುಂಡಗೆ ಮಾಡಿರುವುದಿಲ್ಲ. ತಲೆಯ ಕಡೆ ಸಣ್ಣ, ಕೆಳಗೆ ದೊಡ್ಡ, ಅಡ್ಡಕ್ಕೆ ಸ್ವಲ್ಪ ಮೊಟ್ಟೆಯಾಕಾರ. ಬಿಸಿಯಾದಾಗ ಅದು ಸರಿಯಾದ ಆಕಾರಕ್ಕೆ ಬರುತ್ತದೆ. ರೇಡಿಯೇಟರ್ ಜಾಲರಿಗೆ ತೊಗರಿ ಹೊಟ್ಟು ಕಟ್ಟಿ ಇಂಜಿನ್ ಮಿತಿಮೀರಿ ಕಾದರೆ ಈ ಲೆಕ್ಕವೆಲ್ಲ ತಪ್ಪುತ್ತದೆ.

ನೀರಿನದ್ದೂ ಪಾಲಿದೆ. ನಮ್ಮ ಸುಣ್ಣಗಲ್ಲಿನ ಸೀಮೆಯ ಬೋರ್‌ವೆಲ್ ನೀರು ಗಡಸು. ಅದನ್ನೇ ರೇಡಿಯೇಟರಿಗೆ ಹಾಕುತ್ತಾ ಹೋದರೆ ಲೈನರಿನ ಹೊರಮೈಗೆ ಸುಣ್ಣದ ಪದರ ಕಟ್ಟುತ್ತದೆ. ಬಿಸಿ ಹೊರಗೆ ಹೋಗುವುದಿಲ್ಲ. ನೀರು ನೇರವಾಗಿ ತಾಗುವ ಲೈನರುಗಳಲ್ಲಿ ಇನ್ನೊಂದು ಹಾನಿ ಇದೆ. ಲೈನರ್ ನಡುಗಿದಾಗ ನೀರಿನಲ್ಲಿ ಸಣ್ಣ ಗುಳ್ಳೆ ಹುಟ್ಟಿ ಒಡೆಯುತ್ತವೆ. ಹೊರಮೈಯಲ್ಲಿ ಸಣ್ಣ ಸಣ್ಣ ಕುಳಿ ಬೀಳುತ್ತದೆ. ಕೂಲೆಂಟ್ ಇದನ್ನು ತಡೆಯುತ್ತದೆ. ಹಳೆ ಲೈನರಿನ ಹೊರಗೆ ಕುಳಿ ಕಂಡರೆ ಇನ್ನು ಮುಂದೆ ಬರೀ ನೀರು ಬೇಡ.

ಪಿಸ್ಟನ್ ತಲೆ ಕರಗಿದ್ದರೆ, ತೂತು ಬಿದ್ದಿದ್ದರೆ ಆ ಸಿಲಿಂಡರಿನ ನೋಜಲ್ ಕಡೆ ನೋಡಿ. ಸಿಂಪಡಿಸುವ ಬದಲು ಅದು ಡೀಸೆಲ್ ತೊಟ್ಟಿಕ್ಕಿಸಿದೆ. ಪಂಪಿನ ಟೈಮಿಂಗ್ ಕೂಡ ತಪ್ಪಿರಬಹುದು. ಅದೇ ನೋಜಲ್ ಮತ್ತೆ ಹಾಕಿದರೆ ಹೊಸ ಪಿಸ್ಟನ್ನೂ ಅದೇ ದಾರಿ ಹಿಡಿಯುತ್ತದೆ. ಒಂದು ಪಕ್ಕದಲ್ಲಿ ಮೇಲೆ, ಇನ್ನೊಂದು ಪಕ್ಕದಲ್ಲಿ ಕೆಳಗೆ ಅಂತ ಓರೆಯಾಗಿ ಸವೆದಿದ್ದರೆ ಕನೆಕ್ಟಿಂಗ್ ರಾಡ್ ಬಾಗಿದೆ.

ಅಳತೆ ಮತ್ತು ಸಾಮಾನು

ಕೈಯಾಡಿಸಿ 'ಸರಿ ಅದ' ಅನ್ನುವ ಕೆಲಸ ಇದಲ್ಲ. ಲೈನರನ್ನು ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ, ಉದ್ದಕ್ಕೂ ಅಡ್ಡಕ್ಕೂ ಅಳೆಯಬೇಕು. ಮೇಲಿನ ರಿಂಗು ಮೇಲೆ ಹೋಗಿ ಹಿಂದಿರುಗುವ ಜಾಗದಲ್ಲಿ ಸವೆತ ಅತಿ ಹೆಚ್ಚು. ಬೇರಿಂಗ್ ಕೂರುವ ಕ್ರ್ಯಾಂಕ್ ಜರ್ನಲ್‌ಗಳನ್ನು ಮೈಕ್ರೋಮೀಟರಿನಿಂದ ಅಳೆಯಬೇಕು. ಮಿತಿ ಮೀರಿದ್ದರೆ ಗ್ರೈಂಡ್ ಮಾಡಿಸಿ 0.25 ಅಥವಾ 0.50 ಮಿಲಿಮೀಟರ್ ಅಂಡರ್‌ಸೈಜ್ ಬೇರಿಂಗ್ ಹಾಕುತ್ತಾರೆ. ಲೈನರ್ ಇಲ್ಲದ ಬ್ಲಾಕ್ ಆದರೆ ಬೋರಿಂಗ್ ಮಾಡಿ ಓವರ್‌ಸೈಜ್ ಪಿಸ್ಟನ್.

ಖರ್ಚು ಉಳಿಸಲು ಹಳೆ ಲೈನರಿಗೆ ಬರೀ ಹೊಸ ರಿಂಗು ಹಾಕಿಸುವವರಿದ್ದಾರೆ. ಲೈನರ್ ಅಳತೆ ಮಿತಿಯೊಳಗೆ ಇದ್ದರೆ ಅದು ನಡೆಯುತ್ತದೆ. ಮಿತಿ ಮೀರಿದ್ದರೆ ದುಡ್ಡು ದಂಡ. ಮೊಟ್ಟೆಯಾಕಾರಕ್ಕೆ ಸವೆದ ಲೈನರಿಗೆ ದುಂಡನೆಯ ರಿಂಗು ಎಂದೂ ಪೂರ್ತಿ ತಾಗುವುದಿಲ್ಲ.

ಸಾಮಾನು ತರುವಾಗ ಟ್ರ್ಯಾಕ್ಟರ್ ಹೆಸರು ಹೇಳಿದರೆ ಸಾಲದು. ಒಂದೇ ಮಾಡೆಲ್ಲಿಗೆ ವರ್ಷಕ್ಕೆ ತಕ್ಕಂತೆ ಬೇರೆ ಬೇರೆ ಇಂಜಿನ್ ಇರಬಹುದು. ಇಂಜಿನ್ ನಂಬರ್ ಬರೆದುಕೊಂಡು ಹೋಗಿ. ಹಳೆ ಪಿಸ್ಟನ್ ಒಂದನ್ನು ಜೊತೆಗೆ ಒಯ್ದು ಎತ್ತರ, ಪಿನ್ ದಪ್ಪ, ತಲೆಯ ಗುಂಡಿ ಹೋಲಿಸಿ.

ಜೋಡಿಸುವಾಗ

ಲೈನರ್ ಕೂರುವ ಜಾಗದಲ್ಲಿ ತುಕ್ಕು, ಸುಣ್ಣ ಒಂಚೂರೂ ಉಳಿಯಬಾರದು. ಕೆಳಗಿನ ರಬ್ಬರ್ ರಿಂಗ್ ತಿರುಚಿಕೊಳ್ಳದಂತೆ ಕೈಯಿಂದ ಒತ್ತಿ ಕೂರಿಸಿ. ಲೈನರಿನ ತುದಿ ಬ್ಲಾಕಿನ ಮೇಲ್ಮೈಗಿಂತ ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು ಮೇಲೆ ಇರಬೇಕು. ತಗ್ಗಿದ್ದರೆ ಹೆಡ್ ಗ್ಯಾಸ್ಕೆಟ್ ಅದನ್ನು ಒತ್ತಿ ಹಿಡಿಯುವುದಿಲ್ಲ. ಕೂರಿಸಿದ ಮೇಲೆ, ಪಿಸ್ಟನ್ ಹಾಕುವ ಮುಂಚೆಯೇ ನೀರು ತುಂಬಿ ಕೆಳಗೆ ಸೋರುತ್ತಾ ನೋಡಿ. ಎಲ್ಲ ಜೋಡಿಸಿದ ಮೇಲೆ ಸೋರಿಕೆ ಗೊತ್ತಾದರೆ ಕೆಲಸ ಮತ್ತೆ ಮೊದಲಿನಿಂದ.

ಹೋನಿಂಗ್ ಮಾಡಿದ, ಅಂದರೆ ಸಾಣೆಕಲ್ಲಿನಿಂದ ಒಳಮೈ ಉಜ್ಜಿದ ಲೈನರಿನ ಒಳಗೆ ಅಡ್ಡಾದಿಡ್ಡಿ ಸಣ್ಣ ಗೆರೆಗಳಿರುತ್ತವೆ. ಆಯಿಲ್ ಹಿಡಿದಿಡಲು ಅವು ಬೇಕು. ಆದರೆ ಆ ಗೆರೆಗಳಲ್ಲಿ ಕಲ್ಲಿನ ಪುಡಿಯೂ ಕೂತಿರುತ್ತದೆ. ಡೀಸೆಲ್ಲಿನಲ್ಲಿ ಒರೆಸಿದರೆ ಅದು ಹೋಗದು. ಬಿಸಿ ನೀರು, ಸೋಪು, ಬ್ರಷ್ ಬೇಕು. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬೂದು ಬಣ್ಣ ಹತ್ತದವರೆಗೂ ತೊಳೆಯಿರಿ. ಆಮೇಲೆ ಒಣಗಿಸಿ ಕೂಡಲೇ ಆಯಿಲ್ ಸವರಿ. ಈ ಒಂದು ಕೆಲಸ ಬಿಟ್ಟರೆ, ಧೂಳನ್ನು ನಾವೇ ಕೈಯಾರೆ ಒಳಗೆ ಹಾಕಿ ಮುಚ್ಚಿದಂತಾಗುತ್ತದೆ.

ಪ್ರತಿ ರಿಂಗನ್ನೂ ಅದರದ್ದೇ ಲೈನರಿನೊಳಗೆ ಸಮವಾಗಿ ಇಳಿಸಿ, ಅದರ ಎರಡು ತುದಿಗಳ ನಡುವಿನ ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ಅಳೆಯಬೇಕು. 100 ಮಿಲಿಮೀಟರ್ ಬೋರಿಗೆ ಸಾಮಾನ್ಯವಾಗಿ 0.3ರಿಂದ 0.5 ಮಿಲಿಮೀಟರ್ ಆಸುಪಾಸು. ಆ ಇಂಜಿನ್ನಿನ ಪುಸ್ತಕದಲ್ಲಿರುವುದೇ ಕೊನೆಯ ಮಾತು. ಸಂದು ತೀರಾ ಕಮ್ಮಿ ಇದ್ದರೆ ರಿಂಗು ಕಾದು ಹಿಗ್ಗಿದಾಗ ತುದಿಗಳು ಒಂದಕ್ಕೊಂದು ಒತ್ತಿ ಮುರಿಯುತ್ತವೆ. ಗುರುತು ಇರುವ ಮುಖ ಮೇಲಕ್ಕೆ ಬರಬೇಕು. ಮೂರು ರಿಂಗುಗಳ ಬಾಯಿ ಒಂದೇ ಸಾಲಿಗೆ ಬರದಂತೆ 120 ಡಿಗ್ರಿ ದೂರ ದೂರ ಇಡಿ.

ಪಿಸ್ಟನ್ ತಲೆಯ ಬಾಣದ ಗುರುತು ಪುಸ್ತಕ ಹೇಳಿದ ದಿಕ್ಕಿಗೇ ಇರಲಿ. ಪಿನ್ ಬಿಗಿಯಾಗಿದ್ದರೆ ಸುತ್ತಿಗೆ ಎತ್ತಬೇಡಿ. ಪಿಸ್ಟನ್ನನ್ನು ಬಿಸಿ ನೀರಲ್ಲಿ ಕಾಯಿಸಿದರೆ ಪಿನ್ ಕೈಯೊತ್ತಿಗೇ ಹೋಗುತ್ತದೆ. ಸರ್ಕ್ಲಿಪ್ ಹೊಸದೇ ಹಾಕಿ. ರಿಂಗ್ ಕಂಪ್ರೆಸರ್ ಕಟ್ಟಿ, ಆಯಿಲ್ ಸವರಿ, ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ ಇಳಿಸಿ. ಎಲ್ಲಾದರೂ ತಡೆದರೆ ಅಲ್ಲೇ ನಿಲ್ಲಿಸಿ. ಒಂದು ರಿಂಗು ಹೊರಗೆ ಚಿಮ್ಮಿರುತ್ತದೆ. ಜೋರು ಮಾಡಿದರೆ ಮುರಿಯುತ್ತದೆ.

ರಾಡ್ ಬೋಲ್ಟು, ಹೆಡ್ ಬೋಲ್ಟು ಎರಡಕ್ಕೂ ಎಷ್ಟು ಬಿಗಿದಿದೆ ಅಂತ ತೋರಿಸುವ ಟಾರ್ಕ್ ರೆಂಚ್ ಬೇಕೇ ಬೇಕು. ಅದು ಇಲ್ಲದ ಗ್ಯಾರೇಜಿನಲ್ಲಿ ಇಂಜಿನ್ ಕೆಲಸ ಮಾಡಿಸಬೇಡಿ, ಮಿಸ್ತ್ರಿ ಎಷ್ಟೇ ಹಳಬರಿರಲಿ. ಹೆಡ್ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಪಿಸ್ಟನ್ ಮತ್ತು ಹೆಡ್ ನಡುವಿನ ಸಂದನ್ನು ಸೀಸದ ತಂತಿ ಇಟ್ಟು ನೋಡುವ ಹಳೆ ಪದ್ಧತಿ ಇದೆ. ಒಂದು ಸುತ್ತು ತಿರುಗಿಸಿ, ಹೆಡ್ ತೆಗೆದು, ಚಪ್ಪಟೆಯಾದ ಸೀಸದ ದಪ್ಪ ಅಳೆಯುತ್ತಾರೆ. ಹೊತ್ತು ಹಿಡಿಯುತ್ತದೆ. ಆದರೂ ಸಾಮಾನಿನ ಎತ್ತರದ ಬಗ್ಗೆ ಅನುಮಾನ ಇದ್ದರೆ ಮಾಡಿಸಿ.

ಮೊದಲ 50 ಗಂಟೆ

ಜೋಡಿಸಿದ ಕೂಡಲೇ ಹಚ್ಚಬೇಡಿ. ಸ್ಟಾಪ್ ಕೇಬಲ್ ಎಳೆದು ಹಿಡಿದು, ಹತ್ತು ಹತ್ತು ಸೆಕೆಂಡಿನಂತೆ ಬಿಟ್ಟು ಬಿಟ್ಟು ಸ್ಟಾರ್ಟರ್ ತಿರುಗಿಸಿ. ಆಯಿಲ್ ಪ್ರೆಶರ್ ಏರಿದ್ದು ಕಂಡ ಮೇಲೆ, ಡೀಸೆಲ್ ಪೈಪಿನ ಗಾಳಿ ತೆಗೆದು ಹಚ್ಚಿ.

ಹೊಸ ಇಂಜಿನ್ನಿಗೆ ತೊಂದರೆ ಆಗದಿರಲಿ ಅಂತ ಅನೇಕರು ದಿನವಿಡೀ ಸ್ಲೋನಲ್ಲಿ ಬಿಡುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಅದರಿಂದ ಹಾನಿ. ರಿಂಗನ್ನು ಗೋಡೆಗೆ ಒತ್ತುವುದು ಅದರ ಹಿಂದೆ ಸೇರುವ ಗ್ಯಾಸಿನ ಒತ್ತಡ. ಲೋಡ್ ಇಲ್ಲದಿದ್ದರೆ ಆ ಒತ್ತಡ ಇಲ್ಲ. ರಿಂಗು ಲೈನರಿಗೆ ಉಜ್ಜಿ ಹೊಂದಿಕೊಂಡು ಕೂರುವ ಮುಂಚೆಯೇ ಹೋನಿಂಗ್ ಗೆರೆಗಳ ಮೇಲೆ ಆಯಿಲ್ ಸುಟ್ಟು ಗಾಜಿನ ಹಾಗೆ ನುಣುಪಾಗುತ್ತದೆ. ಆಮೇಲೆ ರಿಂಗು ಕೂರುವುದೇ ಇಲ್ಲ. ಹಾಗಂತ ಮೊದಲ ದಿನವೇ ಪಲ್ಟಿ ನೇಗಿಲು, ತುಂಬಿದ ಕಬ್ಬಿನ ಟ್ರೇಲರ್ ಬೇಡ. ಅರ್ಧ ಲೋಡಿನ ಟ್ರಾಲಿ, ಹಗುರ ಕಲ್ಟಿವೇಟರ್ ಕೆಲಸ, ವೇಗ ಆಗಾಗ ಹೆಚ್ಚು ಕಮ್ಮಿ. ಶುರುವಿನ ಗಂಟೆಗಳಲ್ಲಿ ಸ್ವಲ್ಪ ನೀಲಿ ಹೊಗೆ ಬರಬಹುದು. ರಿಂಗು ಕೂರುತ್ತಿದ್ದಂತೆ ಅದು ಕಡಿಮೆಯಾಗಬೇಕು.

ಆಯಿಲ್ ಮಟ್ಟ, ನೀರು ದಿನಾ ನೋಡಿ. ಸುಮಾರು 50 ಗಂಟೆಗೆ ಆಯಿಲ್, ಫಿಲ್ಟರ್ ಎರಡೂ ಬದಲಿಸಿ. ಮೊದಲ ಸವೆತದ ಲೋಹದ ಪುಡಿಯೆಲ್ಲ ಅದರಲ್ಲಿರುತ್ತದೆ. ಅದೇ ದಿನ ಟ್ಯಾಪೆಟ್ ಸಂದು (ವಾಲ್ವ್ ಮೇಲಿನ ಸಂದು) ನೋಡಿಸಿ. ಪುಸ್ತಕ ಹೇಳಿದ್ದರೆ ಹೆಡ್ ಬೋಲ್ಟುಗಳನ್ನು ಮತ್ತೊಮ್ಮೆ ಟಾರ್ಕ್ ಮಾಡಿಸಿ. ಅವತ್ತಿನ ಅವರ್ ಮೀಟರ್ ಓದನ್ನು, ಹಾಕಿದ ಪಿಸ್ಟನ್ ಮತ್ತು ಬೇರಿಂಗಿನ ಸೈಜನ್ನು ಬಿಲ್ಲಿನ ಹಿಂದೆ ಬರೆದು ಎತ್ತಿಡಿ. ಮುಂದಿನ ಸಲ ಇಂಜಿನ್ ಬಿಚ್ಚುವ ಮಿಸ್ತ್ರಿಗೆ ಅದು ಬೇಕಾಗುತ್ತದೆ.